ರೂಪ ಬದಲಾಯಿತೋ, ವಸ್ತುವೇ ಬದಲಾಯಿತೋ: ಭೌತ ಮತ್ತು ರಾಸಾಯನಿಕ ಬದಲಾವಣೆಗಳನ್ನು ಗುರುತಿಸುವ ಕ್ರಮ

ಬೆಂಗಳೂರಿನಲ್ಲಿ ಎರಡು ಬಗೆಯ ರಸ್ತೆ ಕಾಮಗಾರಿಯನ್ನು ನಾವೆಲ್ಲರೂ ಕಂಡಿದ್ದೇವೆ. ಒಂದರಲ್ಲಿ, 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದ ಡಾಂಬರು ಮತ್ತು ಜಲ್ಲಿಯ ಮಿಶ್ರಣವನ್ನು ಹರಡಿ, ರೋಲರ್ ಹಾಯಿಸಿ, ಅದು ಆರುತ್ತಲೇ ವಾಹನಗಳನ್ನು ಬಿಡುತ್ತಾರೆ. ಇನ್ನೊಂದರಲ್ಲಿ, ಅಂದರೆ ವೈಟ್‌ಟಾಪಿಂಗ್‌ನಲ್ಲಿ, ಕಾಂಕ್ರೀಟ್ ಸುರಿದು, ಅದರ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ದಿನವೂ ನೀರುಣಿಸುತ್ತ ವಾರಗಟ್ಟಲೆ ರಸ್ತೆಯನ್ನು ಮುಚ್ಚಿಡುತ್ತಾರೆ. ಎರಡರಲ್ಲಿಯೂ ನಮ್ಮ ಕಣ್ಣಿಗೆ ಕಾಣುವುದು ಒಂದೇ: ಮೆತ್ತಗಿದ್ದದ್ದು ಗಟ್ಟಿಯಾಯಿತು. ಆದರೆ ಡಾಂಬರು ಗಟ್ಟಿಯಾದದ್ದು ತಣ್ಣಗಾದುದರಿಂದ. ಅದನ್ನು ಮತ್ತೆ ಕಾಯಿಸಿದರೆ ಅದೇ ಡಾಂಬರು ಮತ್ತೆ ಹರಿಯುತ್ತದೆ. ಕಾಂಕ್ರೀಟ್ ಗಟ್ಟಿಯಾದದ್ದು ಒಣಗಿದುದರಿಂದಲ್ಲ. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ಸೇರಿ, ಮೊದಲು ಅಲ್ಲಿ ಇರದಿದ್ದ ಹೊಸ ಸಂಯುಕ್ತಗಳಾದುದರಿಂದ ಅದು ಕಲ್ಲಿನಂತಾಯಿತು. ಅದಕ್ಕಾಗಿಯೇ ಕಾಂಕ್ರೀಟಿಗೆ ನೀರು ಬೇಕು, ಅದಕ್ಕಾಗಿಯೇ ಅದು ನೀರಿನೊಳಗೆ ಮುಳುಗಿದ್ದರೂ ಗಟ್ಟಿಯಾಗುತ್ತದೆ, ಅದಕ್ಕಾಗಿಯೇ ಅದರ ಬಲವನ್ನು ಪರೀಕ್ಷಿಸಲು ಎಂಜಿನಿಯರುಗಳು 28 ದಿನ ಕಾಯುತ್ತಾರೆ. ಮೊದಲನೆಯದು ಭೌತ ಬದಲಾವಣೆ, ಎರಡನೆಯದು ರಾಸಾಯನಿಕ ಬದಲಾವಣೆ.

ಈ ವ್ಯತ್ಯಾಸವನ್ನು ಮಕ್ಕಳು ಏಳನೆಯ ತರಗತಿಯ ಹೊತ್ತಿಗೆ ಓದುತ್ತಾರೆ. ನಮ್ಮ ಬೀದಿಯ ಕೆಲವು ಮಕ್ಕಳಿಗೆ ಸಂಜೆ ವಿಜ್ಞಾನ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ಕೇಳುವ ಉತ್ತರ ಒಂದಿದೆ: "ಹಿಂದಕ್ಕೆ ತರಲು ಆಗುವುದಾದರೆ ಭೌತ, ಆಗದಿದ್ದರೆ ರಾಸಾಯನಿಕ." ಈ ಸೂತ್ರವನ್ನು ಬಾಯಿಪಾಠ ಮಾಡಿದ ಮಗು ತೆಂಗಿನಕಾಯಿ ಒಡೆಯುವುದನ್ನು ರಾಸಾಯನಿಕ ಬದಲಾವಣೆ ಎಂದು ಬರೆದುಬಿಡುತ್ತದೆ, ಏಕೆಂದರೆ ಒಡೆದ ಕಾಯನ್ನು ಯಾರೂ ಮತ್ತೆ ಕೂಡಿಸಲಾರರು. ತಪ್ಪು ಮಗುವಿನದಲ್ಲ, ಅದರ ಕೈಗೆ ಕೊಟ್ಟ ಅಳತೆಗೋಲಿನದು. ಮಕ್ಕಳಿಗೆ ಪಾಠ ಹೇಳುವ ಪಾಲಕರನ್ನೂ ಶಿಕ್ಷಕರನ್ನೂ, ತಾವೇ ಕಲಿಯಬಯಸುವ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅಡುಗೆಮನೆಯಲ್ಲಿಯೇ ಪ್ರಯೋಗಿಸಿ ನೋಡಬಹುದಾದ ಬೇರೊಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಹೆಜ್ಜೆ: ಮೊದಲು ಏನಿತ್ತು, ಈಗ ಏನಿದೆ ಎಂದು ಬರೆಯಿರಿ

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಬದಲಾವಣೆಗೆ ಮುಂಚೆ ಇದ್ದ ವಸ್ತುಗಳನ್ನೂ ಬಲಗಡೆ ನಂತರ ಇರುವ ವಸ್ತುಗಳನ್ನೂ ಬರೆಯಿರಿ. ಇಲ್ಲಿ ಹೆಸರುಗಳಿಗೆ ಮೋಸಹೋಗಬಾರದು. ಮಂಜುಗಡ್ಡೆ, ನೀರು, ಹಬೆ ಎಂಬುವು ಮೂರು ಹೆಸರುಗಳಾದರೂ ವಸ್ತು ಒಂದೇ. ಎರಡು ಜಲಜನಕ ಮತ್ತು ಒಂದು ಆಮ್ಲಜನಕ ಪರಮಾಣು ಸೇರಿದ ಅಣುವೇ ಮೂರರಲ್ಲಿಯೂ ಇದೆ. ಇದಕ್ಕೆ ವಿರುದ್ಧವಾಗಿ, ಹಸಿ ಕಾಫಿ ಬೀಜವನ್ನೂ ಹುರಿದ ಕಾಫಿ ಬೀಜವನ್ನೂ ನಾವು "ಬೀಜ" ಎಂದೇ ಕರೆಯುತ್ತೇವೆ, ಆದರೆ ಹುರಿಯುವಾಗ ಸುಮಾರು 200 ಡಿಗ್ರಿಯ ಕಾವಿನಲ್ಲಿ ಬೀಜದೊಳಗಿನ ಸಕ್ಕರೆಗಳೂ ಪ್ರೋಟೀನಿನ ಅಂಶಗಳೂ ಒಂದರೊಡನೊಂದು ವರ್ತಿಸಿ ನೂರಾರು ಹೊಸ ಸಂಯುಕ್ತಗಳಾಗಿರುತ್ತವೆ. ಕಾಫಿಯ ಕಂದು ಬಣ್ಣವೂ ಪರಿಮಳವೂ ಅಲ್ಲಿ ಹುಟ್ಟಿದವು. ಹಸಿ ಬೀಜದಲ್ಲಿ ಅವು ಅಡಗಿ ಕುಳಿತಿರಲಿಲ್ಲ.

ಕಾಫಿಯನ್ನೇ ಮುಂದುವರಿಸಿದರೆ ಹೆಜ್ಜೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹುರಿಯುವುದು ರಾಸಾಯನಿಕ. ಪುಡಿ ಮಾಡುವುದು ಭೌತ. ಚಿಕೋರಿ ಬೆರೆಸುವುದು ಭೌತ. ಫಿಲ್ಟರಿನಲ್ಲಿ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸುವುದೂ ಮುಖ್ಯವಾಗಿ ಭೌತವೇ, ಏಕೆಂದರೆ ಪುಡಿಯಲ್ಲಿ ಆಗಲೇ ಇದ್ದ ಕರಗುವ ಅಂಶಗಳು ನೀರಿಗೆ ಇಳಿಯುತ್ತವೆ, ಅಷ್ಟೇ.

ಎರಡನೆಯ ಹೆಜ್ಜೆ: ಒಂದೇ ಒಂದು ಪ್ರಶ್ನೆ ಕೇಳಿ

ಹಾಳೆಯ ಎಡಬಲಗಳನ್ನು ಹೋಲಿಸಿ ಕೇಳಬೇಕಾದ ಪ್ರಶ್ನೆ ಇದು: ಪರಮಾಣುಗಳ ಜೋಡಣೆ ಬದಲಾಗಿ ಹೊಸ ವಸ್ತು ಹುಟ್ಟಿತೇ, ಅಥವಾ ಅದೇ ವಸ್ತು ಬೇರೆ ಆಕಾರ, ಗಾತ್ರ, ಸ್ಥಿತಿ ಅಥವಾ ಬೆರಕೆಯಲ್ಲಿ ಉಳಿದಿದೆಯೇ? ಉಳಿದೆಲ್ಲ ಲಕ್ಷಣಗಳೂ ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುವ ಸಾಕ್ಷಿಗಳು ಮಾತ್ರ.

ಅಣುಗಳು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ವಸ್ತುವಿನ ಗುಣಗಳನ್ನೇ ಪರೀಕ್ಷಿಸಬೇಕಾಗುತ್ತದೆ. ದೇವರ ಕೋಣೆಯ ಕರ್ಪೂರವನ್ನು ತೆಗೆದುಕೊಳ್ಳಿ. ಮುಚ್ಚಳ ಸಡಿಲವಾದ ಡಬ್ಬಿಯಲ್ಲಿಟ್ಟ ಬಿಲ್ಲೆಗಳು ಕೆಲವು ತಿಂಗಳಲ್ಲಿ ಸವೆದು ಚಿಕ್ಕದಾಗುತ್ತವೆ, ಕೆಲವೊಮ್ಮೆ ಮುಚ್ಚಳದ ಒಳಬದಿಯಲ್ಲಿ ಬಿಳಿಯ ಸಣ್ಣ ಹರಳುಗಳು ಕೂತಿರುತ್ತವೆ. ಆ ಹರಳಿನ ವಾಸನೆ ಕರ್ಪೂರದ್ದೇ, ಅದು ಉರಿಯುವ ರೀತಿಯೂ ಕರ್ಪೂರದ್ದೇ. ಕರ್ಪೂರ ಕರಗದೆಯೇ ಆವಿಯಾಗಿ, ಮತ್ತೆ ಹರಳಾಗಿದೆ. ಇದು ಉತ್ಪತನ, ಭೌತ ಬದಲಾವಣೆ. ಅದೇ ಬಿಲ್ಲೆಗೆ ಆರತಿಯ ತಟ್ಟೆಯಲ್ಲಿ ಕಡ್ಡಿ ಗೀರಿದರೆ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಮಸಿ ಉಂಟಾಗುತ್ತವೆ. ಈ ಮೂರರಲ್ಲಿ ಒಂದಕ್ಕೂ ಕರ್ಪೂರದ ಗುಣವಿಲ್ಲ. ಎರಡು ಸಂದರ್ಭಗಳಲ್ಲಿಯೂ ಬಿಲ್ಲೆ "ಮಾಯವಾಯಿತು" ಎಂದೇ ನಾವು ಹೇಳುತ್ತೇವೆ, ಆದರೆ ಒಂದರಲ್ಲಿ ಕರ್ಪೂರ ಗಾಳಿಯಲ್ಲಿದೆ, ಇನ್ನೊಂದರಲ್ಲಿ ಕರ್ಪೂರವೇ ಇಲ್ಲ.

ಮೂರನೆಯ ಹೆಜ್ಜೆ: "ಹಿಂದಕ್ಕೆ ತರಬಹುದೇ" ಎಂಬ ಪರೀಕ್ಷೆಯನ್ನು ನಂಬಬೇಡಿ

ಈ ಭಾಗದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಹೆಚ್ಚಿನ ಗೊಂದಲ ಇಲ್ಲಿಂದಲೇ ಹುಟ್ಟುತ್ತದೆ. ಕಾಗದ ಹರಿಯುವುದು, ರಾಗಿ ಬೀಸುವುದು, ಗಾಜು ಒಡೆಯುವುದು ಇವೆಲ್ಲ ಹಿಂದಕ್ಕೆ ಬರಲಾರದ ಭೌತ ಬದಲಾವಣೆಗಳು. ಹಿಂದಕ್ಕೆ ಬರಬಲ್ಲ ರಾಸಾಯನಿಕ ಬದಲಾವಣೆಗಳಂತೂ ನಮ್ಮ ಮನೆಗಳಲ್ಲಿಯೇ ಸಾಕಷ್ಟಿವೆ.

ಶುಭಕಾರ್ಯಗಳಲ್ಲಿ ಆರತಿ ಎತ್ತುವಾಗ ತಟ್ಟೆಯಲ್ಲಿ ಕೆಂಪು ಓಕುಳಿ ನೀರು ಇರುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆ ಕೆಂಪು ಬರುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಸುಣ್ಣದಂಥ ಪ್ರತ್ಯಾಮ್ಲದ ನಡುವೆ ತನ್ನ ಜಲಜನಕವನ್ನು ಬಿಟ್ಟುಕೊಟ್ಟು ಬೇರೆ ರೂಪದ ಕಣವಾಗುವುದರಿಂದ ಹಳದಿ ಹೋಗಿ ಕೆಂಪಾಗುತ್ತದೆ. ಇದು ರಾಸಾಯನಿಕ ಬದಲಾವಣೆ. ಈಗ ಅದಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಹಾಕುತ್ತ ಹೋದರೆ ಮತ್ತೆ ಹಳದಿಗೆ ತಿರುಗುತ್ತದೆ. ಕ್ಷಣದಲ್ಲಿ ಹಿಂದಕ್ಕೆ ಬಂತು, ಆದರೂ ನಡೆದದ್ದು ಎರಡು ರಾಸಾಯನಿಕ ಬದಲಾವಣೆಗಳು. ಮಕ್ಕಳ ಮುಂದೆ ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ: ಎರಡು ನಿಮಿಷದಲ್ಲಿ ಮುಗಿಯುತ್ತದೆ, ಬಾಯಿಪಾಠದ ಸೂತ್ರ ಅವರ ಕಣ್ಣೆದುರೇ ಸೋಲುತ್ತದೆ.

ಗಣೇಶನ ಮೂರ್ತಿಯ ಉದಾಹರಣೆಯಲ್ಲಿ ಬಾಯಿಪಾಠದ ಸೂತ್ರ ಹೊಂದುವಂತೆ ಕಂಡರೂ, ಉತ್ತರ ಕೊಡುವುದು ವಸ್ತು ಬದಲಾಯಿತೇ ಎಂಬ ಪ್ರಶ್ನೆಯೇ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಕುಂಬಾರರು ಹಬ್ಬಕ್ಕೆ ಮುಂಚೆ ಮಾಡಿಡುವ ಜೇಡಿಮಣ್ಣಿನ ಗಣಪ ಬರಿಯ ನೆರಳಿನಲ್ಲಿ ಒಣಗಿದವನು. ಮಣ್ಣಿನ ಕಣಗಳ ನಡುವಿನ ನೀರು ಆವಿಯಾಗಿ ಹೋಗಿದೆ, ಮಣ್ಣು ಮಣ್ಣಾಗಿಯೇ ಇದೆ. ಬಕೆಟ್ಟಿನ ನೀರಿನಲ್ಲಿ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕುಸಿದು ಮೆತ್ತಗಾಗುತ್ತಾನೆ. ಅದೇ ಮಣ್ಣಿನಲ್ಲಿ ಮಾಡಿದ ಹಣತೆಯನ್ನು ಆವಿಗೆಯಲ್ಲಿ ಸುಟ್ಟರೆ, ಸುಮಾರು 500–600 ಡಿಗ್ರಿಯಲ್ಲಿ ಮಣ್ಣಿನ ಖನಿಜದ ರಚನೆಯೊಳಗೇ ಬಂಧಿತವಾಗಿದ್ದ ನೀರು ಹೊರಬಿದ್ದು ಖನಿಜವೇ ಬೇರೆಯಾಗುತ್ತದೆ. ಸುಟ್ಟ ಹಣತೆಯನ್ನು ವರ್ಷಗಟ್ಟಲೆ ನೆನೆಸಿಟ್ಟರೂ ಅದು ಜೇಡಿಮಣ್ಣಾಗುವುದಿಲ್ಲ. ಒಣಗಿಸುವುದು ಭೌತ, ಸುಡುವುದು ರಾಸಾಯನಿಕ.

ಇನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಂ ಎಂಬ ಖನಿಜವನ್ನು 150 ಡಿಗ್ರಿಯವರೆಗೆ ಕಾಯಿಸಿದಾಗ ಅದರಲ್ಲಿ ಬಂಧಿತವಾದ ನೀರಿನ ಮುಕ್ಕಾಲು ಭಾಗ ಹೋಗಿ ಈ ಪುಡಿ ಸಿಗುತ್ತದೆ. ಪುಡಿಗೆ ನೀರು ಬೆರೆಸಿದರೆ ಅದು ಆ ನೀರನ್ನು ತನ್ನ ರಚನೆಗೆ ಸೇರಿಸಿಕೊಂಡು ಮತ್ತೆ ಜಿಪ್ಸಂ ಆಗಿ, ಕೈಗೆ ಬಿಸಿ ತಾಗುವಷ್ಟು ಶಾಖ ಬಿಟ್ಟು, ಗಟ್ಟಿಯಾಗುತ್ತದೆ. ಜಿಪ್ಸಂ ಪುಡಿಯಾಗುವುದೂ, ಪುಡಿ ಮತ್ತೆ ಜಿಪ್ಸಂ ಆಗುವುದೂ ರಾಸಾಯನಿಕ ಬದಲಾವಣೆಗಳೇ.

ನಾಲ್ಕನೆಯ ಹೆಜ್ಜೆ: ಸಾಕ್ಷಿಗಳನ್ನು ಒಂದೊಂದಾಗಿ ವಿಚಾರಿಸಿ

ಗುಳ್ಳೆ ಬರುವುದು, ಬಣ್ಣ ಬದಲಾಗುವುದು, ಶಾಖ ಹೊಮ್ಮುವುದು ಅಥವಾ ಹೀರಿಕೆಯಾಗುವುದು, ದ್ರವದಲ್ಲಿ ಘನ ಕಾಣಿಸಿಕೊಳ್ಳುವುದು, ವಾಸನೆ ಬೇರೆಯಾಗುವುದು: ಇವು ರಾಸಾಯನಿಕ ಬದಲಾವಣೆಯ ಲಕ್ಷಣಗಳೆಂದು ಪಟ್ಟಿ ಮಾಡಲಾಗುತ್ತದೆ. ಪಟ್ಟಿ ಉಪಯುಕ್ತವೇ, ಆದರೆ ಪ್ರತಿಯೊಂದು ಲಕ್ಷಣಕ್ಕೂ ಭೌತ ಬದಲಾವಣೆಯಲ್ಲೊಂದು ಅವಳಿ ಇರುತ್ತದೆ.

ಗೋಲಿ ಸೋಡಾದ ಗೋಲಿಯನ್ನು ಒಳಗೆ ಒತ್ತಿದಾಗ ನುಗ್ಗಿ ಬರುವ ಗುಳ್ಳೆಗಳು ಬಹುಪಾಲು, ಒತ್ತಡದಲ್ಲಿ ನೀರಿನೊಳಗೆ ಕರಗಿಸಿಟ್ಟಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಉಂಟಾದವು. ಅನಿಲ ಮೊದಲೇ ಇತ್ತು. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದಾಗ ಏಳುವ ಗುಳ್ಳೆಗಳಲ್ಲಿಯೂ ಅದೇ ಅನಿಲ, ಆದರೆ ಅದು ಆಗ ತಾನೇ ಹುಟ್ಟಿದ್ದು. ಕುದಿಯುವ ನೀರಿನ ಗುಳ್ಳೆಯಲ್ಲಿರುವುದಂತೂ ನೀರಾವಿಯೇ.

ಬಣ್ಣದ ವಿಷಯದಲ್ಲಿ, ಕಾದ ಕಬ್ಬಿಣ ಕೆಂಪಗೆ ಹೊಳೆದು ಆರಿದ ಮೇಲೆ ಮೊದಲಿನ ಬಣ್ಣಕ್ಕೆ ಬರುವಾಗ ಆ ಹೊಳಪು ಭೌತ. ತಾಮ್ರದ ಚೊಂಬು ಕಪ್ಪಾಗುವುದು ರಾಸಾಯನಿಕ, ಹುಣಸೆಹಣ್ಣು ಹಾಕಿ ತಿಕ್ಕಿದಾಗ ಅದು ಹೊಳೆಯುವುದೂ ರಾಸಾಯನಿಕ, ಏಕೆಂದರೆ ಹುಣಸೆಯ ಆಮ್ಲ ತಾಮ್ರದ ಆಕ್ಸೈಡಿನೊಡನೆ ವರ್ತಿಸಿ ಅದನ್ನು ಕರಗಿಸುತ್ತದೆ. ಎಲೆ, ಅಡಿಕೆ, ಸುಣ್ಣ ಹಾಕಿಕೊಂಡ ಬಾಯಿ ಕೆಂಪಾಗುವುದನ್ನೂ ಇದರ ಪಕ್ಕದಲ್ಲಿಯೇ ಬರೆದುಕೊಳ್ಳಬಹುದು.

ಶಾಖವನ್ನು ಸಾಕ್ಷಿಯಾಗಿ ಕರೆಯುವಾಗ ಇನ್ನೂ ಎಚ್ಚರ ಬೇಕು. ಗ್ಲೂಕೋಸ್ ಪುಡಿ ನಾಲಿಗೆಯ ಮೇಲೆ ತಂಪೆನಿಸುವುದು ಅದು ಕರಗುವಾಗ ಶಾಖ ಹೀರುವುದರಿಂದ. ಹೊಸ ವಸ್ತು ಹುಟ್ಟಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕೊತಕೊತ ಕುದಿಯುವುದು ಅದು ನೀರಿನೊಡನೆ ಸೇರಿ ಬೇರೆ ಸಂಯುಕ್ತವಾಗುವುದರಿಂದ.

ದ್ರವದಲ್ಲಿ ಘನ ಕಾಣಿಸಿಕೊಳ್ಳುವುದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆಯಿದೆ. ಡಿಸೆಂಬರ್ ತಿಂಗಳ ಮುಂಜಾನೆ ಕೊಬ್ಬರಿ ಎಣ್ಣೆಯ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅದು ಕರಗುವ ಉಷ್ಣತೆ ಸುಮಾರು 24 ಡಿಗ್ರಿಯಾದುದರಿಂದ ಬೆಂಗಳೂರಿನ ಚಳಿಗಾಲದ ರಾತ್ರಿಯೇ ಸಾಕು. ಹಾಲೂ ಹೆಪ್ಪುಗಟ್ಟುತ್ತದೆ ಎನ್ನುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಆದರೆ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿರುತ್ತವೆ, ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗಿರುತ್ತದೆ. ಬಿಸಿಲಿಗಿಟ್ಟರೆ ಎಣ್ಣೆ ಕರಗುತ್ತದೆ, ಮೊಸರು ಹುಳಿಯಾಗುತ್ತದೆ.

ಐದನೆಯ ಹೆಜ್ಜೆ: ಕೂಡಿ ನಡೆಯುವುದನ್ನು ಬಿಡಿಸಿ ನೋಡಿ

ನಿಜ ಜೀವನದಲ್ಲಿ ಬದಲಾವಣೆಗಳು ಒಂಟಿಯಾಗಿ ಬರುವುದು ಅಪರೂಪ. ಬೆಣ್ಣೆ ಕಾಯಿಸಿ ತುಪ್ಪ ಮಾಡುವ ಕೆಲಸವನ್ನು ಒಲೆಯ ಪಕ್ಕದಲ್ಲಿ ನಿಂತು ಗಮನಿಸಿ. ಮೊದಲು ಬೆಣ್ಣೆ ಕರಗುತ್ತದೆ: ಭೌತ. ನಂತರ ಚಟಪಟ ಸದ್ದಿನೊಂದಿಗೆ ಅದರೊಳಗಿನ ನೀರು ಆವಿಯಾಗುತ್ತದೆ: ಇದೂ ಭೌತ. ಸದ್ದು ಅಡಗಿದ ಮೇಲೆ ತಳದಲ್ಲಿ ಉಳಿದ ಹಾಲಿನ ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಕಂದಾಗಿ, ಮನೆಯೆಲ್ಲ ಹರಡುವ ಆ ಘಮ ಏಳುತ್ತದೆ: ರಾಸಾಯನಿಕ. ನೀರು ಪೂರ್ತಿ ಹೋಗುವವರೆಗೆ ಉಷ್ಣತೆ ಹೆಚ್ಚು ಏರಲಾರದು, ಆದ್ದರಿಂದಲೇ ಘಮ ಸದ್ದು ನಿಂತ ಮೇಲೆ ಬರುತ್ತದೆ. ಒಲೆ ಆರಿಸುವ ಹದವನ್ನು ಕಿವಿ ಮತ್ತು ಮೂಗಿನಿಂದ ತಿಳಿಯುತ್ತಿದ್ದ ನಮ್ಮ ಅಜ್ಜಿಯರು ಭೌತ ಬದಲಾವಣೆ ಮುಗಿದು ರಾಸಾಯನಿಕ ಬದಲಾವಣೆ ತೊಡಗುವ ಗಳಿಗೆಯನ್ನೇ ಹಿಡಿಯುತ್ತಿದ್ದರು.

ಇನ್ನೊಂದು ಉದಾಹರಣೆ ಬರಿಯ ನೀರು ಕಾಯಿಸುವುದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 100ಕ್ಕೆ ಬದಲು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಗಾಳಿಯ ಒತ್ತಡ ಕಡಿಮೆಯಾದುದರಿಂದ ಕುದಿಬಿಂದು ಇಳಿಯಿತು. ನೀರು ಬೇರೆ ವಸ್ತುವಾಗಲಿಲ್ಲ. ಆದರೆ ಪಾತ್ರೆಯಲ್ಲಿರುವುದು ಬೋರ್‌ವೆಲ್ಲಿನ ಗಡಸು ನೀರಾದರೆ ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವಿಗೆ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳ ಸೇರುತ್ತದೆ. ಗೀಸರಿನ ಒಳಗೆ, ಹಂಡೆಯ ತಳದಲ್ಲಿ ಕೂರುವ ಬಿಳಿಯ ಹಕ್ಕಳೆ ಅದೇ. ಅದರ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣಗೆ ನೊರೆ ಏಳುತ್ತದೆ.

ಇಡ್ಲಿ ಹಿಟ್ಟನ್ನು ಹೀಗೆಯೇ ಬಿಡಿಸುವುದನ್ನು ಓದುಗರಿಗೆ ಬಿಡುತ್ತೇನೆ. ರುಬ್ಬುವುದು ಯಾವುದು, ರಾತ್ರಿಯಿಡೀ ಉಬ್ಬುವುದು ಯಾವುದು ಎಂಬುದು ಈಗ ಕಷ್ಟವಾಗಲಾರದು. ಜನವರಿಯ ಚಳಿಯಲ್ಲಿ ಹಿಟ್ಟು ಏಕೆ ತಡವಾಗಿ ಹುಳಿಯುತ್ತದೆ ಎಂದೂ ಯೋಚಿಸಿ.

ಆರನೆಯ ಹೆಜ್ಜೆ: ಎರಡು ಪ್ರಯೋಗಗಳು

ಮೊದಲನೆಯದಕ್ಕೆ ಬೇಕಾದದ್ದು ತಾಂಬೂಲದ ಸುಣ್ಣ. ಒಂದು ಚಮಚ ಸುಣ್ಣವನ್ನು ಗಾಜಿನ ಬಾಟಲಿಯ ನೀರಿನಲ್ಲಿ ಕಲಕಿ, ಮುಚ್ಚಿ, ರಾತ್ರಿಯಿಡೀ ತಿಳಿಯಾಗಲು ಬಿಡಿ. ಮರುದಿನ ಮೇಲಿನ ತಿಳಿನೀರನ್ನು ಮೆಲ್ಲನೆ ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ. ಅದರೊಳಗೆ ಸ್ಟ್ರಾ ಇಟ್ಟು ಉಸಿರನ್ನು ಊದಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಏಕೆಂದರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ. ಗೋಡೆಗೆ ಬಳಿದ ಸುಣ್ಣ ದಿನಗಳೆದಂತೆ ಗಟ್ಟಿಯಾಗುವುದು ಇದೇ ಕ್ರಿಯೆಯಿಂದ. ಇನ್ನೂ ಬಹಳ ಹೊತ್ತು ಊದುತ್ತ ಹೋದರೆ ನೀರು ಮತ್ತೆ ತಿಳಿಯಾಗತೊಡಗುತ್ತದೆ. ಆಗ ಕಾರ್ಬೊನೇಟ್ ಕರಗುವ ಬೈಕಾರ್ಬೊನೇಟ್ ಆಗಿರುತ್ತದೆ, ಅಂದರೆ ನೀವೇ ಗಡಸು ನೀರು ತಯಾರಿಸಿರುತ್ತೀರಿ. ಅದನ್ನು ಕುದಿಸಿದರೆ ಮತ್ತೆ ಬಿಳಿ ಹಕ್ಕಳೆ. ಸ್ಟ್ರಾದಲ್ಲಿ ಊದಬೇಕೇ ಹೊರತು ಹೀರಬಾರದು. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುವುದರಿಂದ ಕನ್ನಡಕ ಹಾಕಿಸಿ, ಮಕ್ಕಳ ಪಕ್ಕದಲ್ಲಿ ಹಿರಿಯರೊಬ್ಬರು ಇರಲೇಬೇಕು. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸವನ್ನಂತೂ ಮನೆಯಲ್ಲಿ ಮಾಡಬೇಡಿ.

ಎರಡನೆಯದಕ್ಕೆ ಸತುವಿನ ಲೇಪವಿಲ್ಲದ ಕಬ್ಬಿಣದ ಮೊಳೆಗಳು ಮತ್ತು ಮೂರು ಸಣ್ಣ ಬಾಟಲಿಗಳು ಬೇಕು. ಒಂದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನಲ್ಲಿಯ ನೀರು ಹಾಕಿ ಬಾಯಿ ತೆರೆದಿಡಿ. ಎರಡನೆಯದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ನೀರನ್ನು ಮೊಳೆ ಪೂರ್ತಿ ಮುಳುಗುವಂತೆ ತುಂಬಿ ಮೇಲೆ ಎಣ್ಣೆಯ ಪದರ ಬಿಡಿ. ಮೂರನೆಯದರಲ್ಲಿ ನೀರಿಲ್ಲದೆ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣದೊಂದಿಗೆ ಮೊಳೆಯಿಟ್ಟು ಬಿಗಿಯಾಗಿ ಮುಚ್ಚಿ. ಒಂದು ವಾರದಲ್ಲಿ ಮೊದಲ ಬಾಟಲಿಯ ಮೊಳೆ ಚೆನ್ನಾಗಿ ತುಕ್ಕು ಹಿಡಿದಿರುತ್ತದೆ, ಉಳಿದೆರಡರಲ್ಲಿ ತುಕ್ಕು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು ಎಂದಾಯಿತು. ತುಕ್ಕಿನ ಪುಡಿಯ ಹತ್ತಿರ ಸಣ್ಣ ಅಯಸ್ಕಾಂತ ಹಿಡಿದು, ಅದು ಕಬ್ಬಿಣದಷ್ಟು ಬಲವಾಗಿ ಅಂಟುವುದೇ ಎಂದು ಪರೀಕ್ಷಿಸಿ.

ತೂಕದ ವಿಷಯದಲ್ಲಿ ಒಂದು ಮಾತು. ತುಕ್ಕು ಹಿಡಿದಾಗ ತೂಕ ಹೆಚ್ಚುವುದು, ಕರ್ಪೂರ ಉರಿದಾಗ ಏನೂ ಉಳಿಯದಿರುವುದು ಇವು ತೆರೆದ ಗಾಳಿಯಲ್ಲಿ ಕೆಲಸ ನಡೆಯುವುದರಿಂದ ಕಾಣುವ ನೋಟಗಳು. ಫ್ರಾನ್ಸಿನ ರಸಾಯನ ವಿಜ್ಞಾನಿ ಲ್ಯಾವೋಸಿಯರ್ 1774ರಲ್ಲಿ ಮುಚ್ಚಿದ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ಲೋಹ ಬೂದಿಯಾದರೂ ಪಾತ್ರೆಯ ಒಟ್ಟು ತೂಕ ಬದಲಾಗಿಲ್ಲವೆಂದೂ, ಪಾತ್ರೆ ತೆರೆದು ಗಾಳಿ ನುಗ್ಗಿದ ಮೇಲಷ್ಟೇ ತೂಕ ಹೆಚ್ಚಿತೆಂದೂ ಕಂಡುಕೊಂಡನು. ಆದ್ದರಿಂದ "ತೂಕ ಬದಲಾದರೆ ರಾಸಾಯನಿಕ" ಎಂಬ ಸೂತ್ರವೂ ನಿಲ್ಲುವುದಿಲ್ಲ.

ಗಡಿಯ ಮೇಲೆ ನಿಲ್ಲುವ ಸಂಗತಿಗಳು

ಸಕ್ಕರೆ ನೀರಿನಲ್ಲಿ ಕರಗಿದಾಗ ಅದರ ಅಣುಗಳು ಇಡಿಯಾಗಿಯೇ ಉಳಿಯುತ್ತವೆ, ಅಲ್ಲಿ ವಾದವಿಲ್ಲ. ಉಪ್ಪು ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶವುಳ್ಳ ಕಣಗಳು, ಬಿಡಿಬಿಡಿಯಾಗಿ ನೀರಿನ ಅಣುಗಳಿಂದ ಸುತ್ತುವರಿಯಲ್ಪಡುತ್ತವೆ. ಅಯಾನುಗಳ ನಡುವಿನ ಬಂಧ ಸಡಿಲವಾದುದರಿಂದ ಇದನ್ನು ರಾಸಾಯನಿಕವೆನ್ನಬೇಕೆಂದು ವಾದಿಸುವವರಿದ್ದಾರೆ. ಶಾಲಾ ಪಠ್ಯಗಳು ಭೌತವೆನ್ನುತ್ತವೆ, ಅದೇ ಅಯಾನುಗಳು ನೀರು ಆವಿಯಾದ ಮೇಲೆ ಅದೇ ಉಪ್ಪಾಗಿ ಕೂಡುವುದರಿಂದ ನನಗೂ ಅದೇ ಸರಿಯೆನಿಸುತ್ತದೆ. ಮೊಟ್ಟೆ ಬೇಯುವಾಗ ಮೊದಲು ಪ್ರೋಟೀನಿನ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ನಂತರ ಬಿಚ್ಚಿದ ಎಳೆಗಳ ನಡುವೆ ಹೊಸ ಬಂಧಗಳೂ ಏರ್ಪಡುತ್ತವೆ. ಒಟ್ಟಿನಲ್ಲಿ ರಾಸಾಯನಿಕವೆಂದು ಬರೆಯುವುದೇ ವಾಡಿಕೆ. ಮಕ್ಕಳು ಇಂಥಲ್ಲಿ ಕಾರಣ ಕೊಟ್ಟು ಬೇರೆ ಉತ್ತರ ಬರೆದರೆ ಶಿಕ್ಷಕರು ಆ ಕಾರಣವನ್ನು ಓದಬೇಕೆಂಬುದು ನನ್ನ ಮನಃಪೂರ್ವಕ ವಿನಂತಿ.

ಇಷ್ಟಾದ ಮೇಲೆ ಒಂದು ಭಾನುವಾರ ಹಾಳೆ ಹಿಡಿದು ಲಾಲ್‌ಬಾಗಿನ ಬಂಡೆಯ ಬಳಿಗೆ ಹೋಗಬಹುದು. ಸುಮಾರು 300 ಕೋಟಿ ವರ್ಷ ಹಳೆಯದಾದ, ನೈಸ್ (gneiss) ಎಂಬ ಜಾತಿಯ ಆ ಶಿಲೆಯಲ್ಲಿ ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಿಟ್ಟ ಬಿರುಕನ್ನು ಹುಡುಕಿ. ಒಡೆದ ಚೂರಿನಲ್ಲಿರುವುದು ಅದೇ ಶಿಲೆಯೇ ಎಂದು ನೋಡಿ. ಬಳಿಕ ಸುತ್ತಲಿನ ಕೆಮ್ಮಣ್ಣನ್ನು ಒಂದು ಹಿಡಿ ಎತ್ತಿಕೊಳ್ಳಿ. ಇಂಥ ಶಿಲೆಗಳ ಫೆಲ್ಡ್‌ಸ್ಪಾರ್ ಖನಿಜವು ಮಳೆನೀರಿನ ಸೌಮ್ಯ ಆಮ್ಲಕ್ಕೆ ಸಿಕ್ಕಿ ಜೇಡಿಯಾಗಿದೆ, ಕಬ್ಬಿಣದ ಅಂಶ ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಆ ಕೆಂಪನ್ನು ಕೊಟ್ಟಿದೆ. ಬಿರುಕನ್ನು ಯಾವ ಪಟ್ಟಿಗೆ, ಕೆಮ್ಮಣ್ಣನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ಮಗುವೇ ಬರೆಯಲಿ, ಬರೆದುದಕ್ಕೆ ಕಾರಣವನ್ನೂ ಮಗುವೇ ಹೇಳಲಿ.